ಮೊದಲ ರೆಕಾರ್ಡು ಯಾವುದಿರಲಿ?

ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸ್ಸೆರ್ವಾತೋರೆ ರೊಮಾನೊ' ಒಮ್ಮೆ ರಾಕ್ ಮತ್ತು ಪಾಪ್ ಸಂಗೀತದ ಹತ್ತು ಆಲ್ಬಮ್‌ಗಳ ಪಟ್ಟಿಯನ್ನು ಪ್ರಕಟಿಸಿತ್ತು ಎಂದರೆ ನಮ್ಮಲ್ಲಿ ಅನೇಕರು ನಂಬಲಿಕ್ಕಿಲ್ಲ. ಅದು 2010ರ ಫೆಬ್ರವರಿಯ ಮಾತು. ನಿರ್ಜನ ದ್ವೀಪವೊಂದಕ್ಕೆ ಹೋಗಬೇಕಾಗಿ ಬಂದರೆ ಯಾವ ರೆಕಾರ್ಡುಗಳನ್ನು ಜೊತೆಗೆ ಒಯ್ಯುತ್ತೀರಿ ಎಂಬ ಹಳೆಯ ಆಟವನ್ನೇ ಹಿಡಿದು, ಅರ್ಧ ತಮಾಷೆ ಅರ್ಧ ಗಂಭೀರವಾಗಿ ಪತ್ರಿಕೆ ಆ ಪಟ್ಟಿ ಮಾಡಿತ್ತು. ಬೀಟಲ್ಸ್ ತಂಡದ 'ರಿವಾಲ್ವರ್' (1966), ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದ ಮೂನ್' (1973), ಫ್ಲೀಟ್‌ವುಡ್ ಮ್ಯಾಕ್ ತಂಡದ 'ರೂಮರ್ಸ್' (1977), ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' (1982), ಪಾಲ್ ಸೈಮನ್‌ನ 'ಗ್ರೇಸ್‌ಲ್ಯಾಂಡ್' (1986), ಯು-ಟು ತಂಡದ 'ಅಖ್ತುಂಗ್ ಬೇಬಿ' (1991) ಮುಂತಾದವು ಅದರಲ್ಲಿದ್ದವು. ಬಾಬ್ ಡಿಲನ್‌ಗೆ ಜಾಗ ಸಿಕ್ಕಿರಲಿಲ್ಲ. ಆತ ದೊಡ್ಡ ಕವಿಯೇ ಸರಿ, ಆದರೆ ಆತನ ಹಿಂದೆ ಹುಟ್ಟಿಕೊಂಡ ಅರೆಬೆಂದ ಹಾಡುಗಾರರ ದಂಡನ್ನು ಸಹಿಸುವುದು ಕಷ್ಟವಾಯಿತು ಎಂಬ ಧಾಟಿಯ ಕಾರಣವನ್ನೂ ಪತ್ರಿಕೆ ಕೊಟ್ಟಿತ್ತು.

ಆ ಪಟ್ಟಿ ಈಗ ನೆನಪಾಗಲು ಕಾರಣವಿದೆ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಪ್ಪು ತಟ್ಟೆಗಳಿಗೆ ಮತ್ತೆ ಜೀವ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿ ರೆಕಾರ್ಡುಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. 1987ರ ನಂತರ ಹಾಗಾದದ್ದು ಅದೇ ಮೊದಲು. ನಮ್ಮ ನಗರಗಳಲ್ಲೂ ಕಾಲೇಜು ಓದುವ ಮಕ್ಕಳು ಹಣ ಕೂಡಿಸಿಟ್ಟು ಹಳೆಯ ರಾಕ್ ಆಲ್ಬಮ್ ಕೊಳ್ಳುತ್ತಿದ್ದಾರೆ. ಮೊಬೈಲಿನಲ್ಲಿ ಲೋಕದ ಹಾಡೆಲ್ಲ ಸಿಗುವಾಗ ಸಾವಿರಾರು ರೂಪಾಯಿ ಕೊಟ್ಟು ಇದೇಕೆ ಎಂದು ತಂದೆತಾಯಿಯರು ಕೇಳುವುದು ಸಹಜ. ಆದರೆ ಮೊಬೈಲಿನಲ್ಲಿ ಹಾಡು ಬಂದು ಹೋಗುತ್ತದೆ. ದುಡ್ಡು ಕೊಟ್ಟು ತಂದ ರೆಕಾರ್ಡು ಮನೆಯಲ್ಲಿ ಉಳಿಯುತ್ತದೆ. ಒಂದೇ ರೆಕಾರ್ಡು ಇರುವ ಹುಡುಗ ಅದನ್ನೇ ನೂರು ಸಲ ಕೇಳುತ್ತಾನೆ. ಇಷ್ಟವಾಗದ ಹಾಡನ್ನೂ ಕೇಳುತ್ತಾನೆ, ಏಕೆಂದರೆ ಪ್ರತಿ ಸಲ ಎದ್ದು ಹೋಗಿ ಮುಳ್ಳನ್ನು ಎತ್ತಿಡುವುದು ರಗಳೆ. ಹದಿನಾರು ಹದಿನೇಳರ ಕಿವಿ ರೂಪುಗೊಳ್ಳುವುದು ಹೀಗೆಯೇ. ಆದ್ದರಿಂದ 'ಮೊದಲು ಯಾವುದನ್ನು ಕೊಳ್ಳಲಿ?' ಎಂದು ಮಗ ಕೇಳಿದರೆ ಅದರಲ್ಲಿ ಅಭಿರುಚಿಯ ಪ್ರಶ್ನೆಯ ಜೊತೆಗೆ ಅಂತಃಸಾಕ್ಷಿಯ ಪ್ರಶ್ನೆಯೂ ಸೇರಿರುತ್ತದೆ.

ಇದಕ್ಕೆ ಎರಡು ಸುಲಭದ ಉತ್ತರಗಳುಂಟು. ಒಂದು, 'ಅದೆಲ್ಲ ಸೈತಾನನ ಸಂಗೀತ, ಮನೆಯೊಳಗೆ ಬೇಡ.' ಇನ್ನೊಂದು, 'ಹಾಡು ತಾನೇ, ಏನು ಬೇಕಾದರೂ ಕೇಳಲಿ.' ಎರಡೂ ಉತ್ತರಗಳಿಗೆ ಒಂದು ಅನುಕೂಲವಿದೆ: ತಂದೆತಾಯಿಯರು ಆ ಹಾಡನ್ನು ಕೇಳಲೇಬೇಕಾಗಿಲ್ಲ!

ಮೊದಲನೆಯ ಉತ್ತರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 1966ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ಬೀಟಲ್ಸ್ ತಂಡದ ಜಾನ್ ಲೆನನ್ ಆ ವರ್ಷದ ಮಾರ್ಚಿಯಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ತಾವೀಗ ಯೇಸುವಿಗಿಂತ ಜನಪ್ರಿಯರು ಎಂದು ಬಾಯಿ ಹರಿಯಬಿಟ್ಟಿದ್ದ. ಇಂಗ್ಲೆಂಡಿನಲ್ಲಿ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಮಾತು ಕೆಲವು ತಿಂಗಳ ನಂತರ ಅಮೆರಿಕದ ಹದಿಹರೆಯದವರ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ದಕ್ಷಿಣದ ರಾಜ್ಯಗಳಲ್ಲಿ ಬೆಂಕಿ ಹೊತ್ತಿಕೊಂಡಿತು. ರೇಡಿಯೋ ಕೇಂದ್ರಗಳು ಬೀಟಲ್ಸ್ ಹಾಡುಗಳನ್ನು ನಿಷೇಧಿಸಿದವು. ಬೀದಿಯಲ್ಲಿ ರೆಕಾರ್ಡುಗಳ ರಾಶಿ ಹಾಕಿ ಸುಟ್ಟರು. ಆಗಸ್ಟ್ 11ರಂದು ಷಿಕಾಗೋದಲ್ಲಿ ಲೆನನ್ ಪತ್ರಕರ್ತರ ಮುಂದೆ ಕ್ಷಮೆ ಕೋರಬೇಕಾಯಿತು.

'ರಿವಾಲ್ವರ್' ಬಿಡುಗಡೆಯಾದದ್ದು ಆ ಆಗಸ್ಟಿನಲ್ಲೇ. ಅದರ ಎರಡನೆಯ ಹಾಡು 'ಎಲಿನರ್ ರಿಗ್ಬಿ'. ಅದರಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ; ನಾಲ್ಕು ವಯಲಿನ್, ಎರಡು ವಿಯೋಲಾ, ಎರಡು ಚೆಲೊ, ಅಷ್ಟೆ. ಹಾಡಿನಲ್ಲಿ ಇರುವವರು ಇಬ್ಬರು. ದೇವಾಲಯದ ಆಸುಪಾಸಿನಲ್ಲಿ ಒಂಟಿಯಾಗಿ ಬದುಕುವ ಒಬ್ಬ ಹೆಂಗಸು, ಯಾರೂ ಕೇಳಿಸಿಕೊಳ್ಳದ ಪ್ರಬೋಧನೆಯನ್ನು ಬರೆಯುತ್ತ ಕೂರುವ ಒಬ್ಬ ಗುರು. ಆಕೆ ಸಾಯುತ್ತಾಳೆ. ಅಂತ್ಯಕ್ರಿಯೆಗೆ ಒಬ್ಬರೂ ಬರುವುದಿಲ್ಲ. ಮಣ್ಣು ಮಾಡಿದ ಗುರು ಕೈ ಕೊಡವಿಕೊಂಡು ಹಿಂತಿರುಗುತ್ತಾರೆ. ಎರಡೇ ನಿಮಿಷಗಳ ಹಾಡು. ಅದನ್ನು ಕೇಳಿದ ಯಾವ ಧರ್ಮಕೇಂದ್ರದ ಭಕ್ತರಿಗಾದರೂ ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು, ಬಲಿಪೂಜೆ ಮುಗಿದ ಕೂಡಲೆ ಯಾರೊಡನೆಯೂ ಮಾತಾಡದೆ ಹೊರಡುವ ಒಬ್ಬರ ಮುಖ ನೆನಪಾಗದೆ ಇರದು. ನಮ್ಮ ಪ್ರಭುವಿನ ಹೆಸರಿನ ಗೌರವಕ್ಕಾಗಿ ರೆಕಾರ್ಡು ಸುಟ್ಟವರ ಭಕ್ತಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಆ ಹೊಗೆಯಲ್ಲಿ ಅವರು ಈ ಹಾಡನ್ನೂ ಕಳೆದುಕೊಂಡರು. ಲೆನನ್ನನ ಮಾತು ಅನಿರೀಕ್ಷಿತ ಯಶಸ್ಸನ್ನು ತಾಳಲಾರದ ಒಬ್ಬ ಕಾರ್ಮಿಕ ವರ್ಗದ ಯುವಕನ ಜಂಬವಷ್ಟೇ ಎಂದು ವ್ಯಾಟಿಕನ್ನಿನ ಪತ್ರಿಕೆ ಬರೆದದ್ದು 2008ರಲ್ಲಿ, ನಲವತ್ತೆರಡು ವರ್ಷಗಳ ಮೇಲೆ.

ಹಾಗೆಂದು ಆ ರೆಕಾರ್ಡಿನಲ್ಲಿ ಎಲ್ಲವೂ ಅಮೃತ ಎಂದರೆ ತಪ್ಪಾದೀತು. ಅದರ ಕೊನೆಯ ಹಾಡು ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನ ಅಮಲಿಗೆ ಋಣಿ. ಈ ಸಂಕಟ ಹೊಸದೇನಲ್ಲ. ನಾಲ್ಕನೆಯ ಶತಮಾನದಲ್ಲಿ ಸಂತ ಬೆಸಿಲರು ಗ್ರೀಕರ ಕಾವ್ಯಗಳನ್ನು ಓದುವ ಬಗ್ಗೆ ಯುವಕರಿಗೆಂದೇ ಒಂದು ಉಪದೇಶ ಬರೆದರು. ಆ ಕಾವ್ಯಗಳಲ್ಲಿ ಹಾದರ, ಮೋಸ, ಕಚ್ಚಾಡುವ ದೇವತೆಗಳು ತುಂಬಿದ್ದರೂ ಬೆಸಿಲರು ಅವನ್ನು ಮುಚ್ಚಿಡಿ ಎನ್ನಲಿಲ್ಲ. ಜೇನುಹುಳವನ್ನು ನೋಡಿ ಎಂದರು. ಅದು ಎಲ್ಲ ಹೂಗಳ ಮೇಲೂ ಒಂದೇ ರೀತಿ ಕೂರುವುದಿಲ್ಲ, ಕೂತ ಹೂವನ್ನೂ ಪೂರ್ತಿ ಹೊತ್ತೊಯ್ಯುವುದಿಲ್ಲ. ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಸಂತ ಪೌಲರೂ ಅಥೆನ್ಸಿನಲ್ಲಿ ಆ ಊರಿನವರಿಗೆ ಪರಿಚಿತರಾದ ಕವಿಗಳ ಮಾತನ್ನೇ ಎತ್ತಿಕೊಂಡು ಶುಭಸಂದೇಶ ಸಾರಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವರು ಆ ಕವಿಗಳನ್ನು ಮೊದಲು ಓದಿರಲೇಬೇಕಲ್ಲ!

ಎರಡನೆಯ ಉತ್ತರದವರಿಗೆ ಸಂತ ಅಗಸ್ಟೀನರನ್ನು ತೋರಿಸಬೇಕು. ಮಿಲಾನಿನಲ್ಲಿ ಸಂತ ಅಂಬ್ರೋಸರ ದೇವಾಲಯದ ಹಾಡುಗಳನ್ನು ಕೇಳಿ ಕಣ್ಣೀರಿಟ್ಟವರು ಅವರು. ಆದರೂ ತಮ್ಮ 'ಆತ್ಮನಿವೇದನೆ'ಯ ಹತ್ತನೆಯ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡಿಕೆಯೇ ತಮ್ಮನ್ನು ಹೆಚ್ಚು ಸೆಳೆದಾಗ ತಾವು ಪಾಪ ಮಾಡಿದಂತೆ ಎಂದು ಸಂಕಟಪಡುತ್ತಾರೆ. ಕೀರ್ತನೆಗಳ ಬಗ್ಗೆಯೇ ಅವರಿಗೆ ಇಷ್ಟು ಎಚ್ಚರ! ರಾಗ ನಮ್ಮ ಒಪ್ಪಿಗೆ ಕೇಳದೆ ಒಳಕ್ಕೆ ಬರುತ್ತದೆ, ಬರುವಾಗ ಮಾತನ್ನೂ ಕರೆತರುತ್ತದೆ. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶವು, ಆಯ್ದುಕೊಳ್ಳುವುದು ಕೇಳುಗನ ಕರ್ತವ್ಯ, ಕಾಯುವುದು ಹೆತ್ತವರ ಕರ್ತವ್ಯ ಎಂದು ಹೇಳಿರುವುದು ಇದಕ್ಕೇ.

ಈಗ ನಮ್ಮ ಪುಟಕ್ಕೆ ತೀರಾ ಹತ್ತಿರದ ಒಂದು ರೆಕಾರ್ಡಿಗೆ ಬರುತ್ತೇನೆ. 'ರೂಮರ್ಸ್' ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲೊಂದು. ಅದು ಹುಟ್ಟಿದ್ದು ಮುರಿಯುತ್ತಿದ್ದ ಮನೆಗಳ ನಡುವೆ. ತಂಡದಲ್ಲಿ ಐದು ಜನ. ಜಾನ್ ಮತ್ತು ಕ್ರಿಸ್ಟೀನ್ ಮ್ಯಾಕ್‌ವೀ ದಂಪತಿಗಳು ಬೇರೆಯಾಗುತ್ತಿದ್ದರು. ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಜೋಡಿ ಮುರಿದಿತ್ತು. ಮಿಕ್ ಫ್ಲೀಟ್‌ವುಡ್‌ನ ಸಂಸಾರವೂ ಒಡೆದಿತ್ತು. ಜೊತೆಗೆ ಕೊಕೇನ್. ಇಷ್ಟಾಗಿಯೂ 1976ರಲ್ಲಿ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ದಿನವೂ ಎದುರುಬದುರು ಕೂತು, ಒಬ್ಬರ ಮೇಲೊಬ್ಬರು ಹಾಡು ಬರೆದು, ಬೈಸಿಕೊಂಡವರೇ ಆ ಹಾಡಿಗೆ ದನಿಗೂಡಿಸಿದರು. ತನ್ನ ಹೊಸ ಪ್ರೀತಿಯ ಬಗ್ಗೆ ಬರೆದ ಹಾಡನ್ನು ಕ್ರಿಸ್ಟೀನ್ ತನ್ನ ನಾಯಿಯ ಮೇಲಿನ ಹಾಡೆಂದು ಗಂಡನಿಗೆ ಹೇಳಿದ್ದಳಂತೆ; ಆತ ಅದಕ್ಕೆ ಬೇಸ್ ಗಿಟಾರ್ ನುಡಿಸಿದ.

ವಿವಾಹ ಸಂಸ್ಕಾರವನ್ನು ಬಿಡಿಸಲಾಗದ ಬಂಧನವೆಂದು ನಂಬುವ ನಾವು ಇದನ್ನು ಮನೆಗೆ ತರಬಹುದೇ? ತರಬಹುದು ಎಂದೇ ನನ್ನ ಅಭಿಪ್ರಾಯ. ಮೊದಲಿಗೆ ಮಾತ್ರ ಬೇಡ. ವಿಚ್ಛೇದನ ಒಂದು ಹಬ್ಬ ಎಂದು ಆ ರೆಕಾರ್ಡು ಎಲ್ಲಿಯೂ ಹೇಳುವುದಿಲ್ಲ. ಒಂದೇ ಮನೆಯಲ್ಲಿದ್ದ ಇಬ್ಬರು, ತಪ್ಪು ಇನ್ನೊಬ್ಬರದು ಎಂದು ಎಷ್ಟು ಸುಂದರವಾಗಿ ಹೇಳಬಲ್ಲರು ಎಂಬುದು ಅದರಲ್ಲಿ ಕೇಳಿಸುತ್ತದೆ. ಹದಿನಾರರ ಹುಡುಗಿಗೆ ಅದರಲ್ಲಿ ಸಿಗುವುದು ಬರೀ ಇಂಪು. ಮದುವೆ ಗೊತ್ತಾದವರಿಗೆ, ಮದುವೆಯಾಗಿ ಹತ್ತು ವರ್ಷ ಕಳೆದವರಿಗೆ ಕೇಳಿಸುವುದೇ ಬೇರೆ. ವಿವಾಹ ಸಿದ್ಧತಾ ಶಿಬಿರದಲ್ಲಿ ಇದನ್ನು ಹಾಕಿಸಿ ಎಂದು ಗುರುಗಳಿಗೆ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಗಂಡಹೆಂಡಿರು ಒಟ್ಟಿಗೆ ಕೂತು ಕೇಳಬಹುದು.

'ಡಾರ್ಕ್ ಸೈಡ್ ಆಫ್ ದ ಮೂನ್' ಬಗ್ಗೆಯೂ ಇದೇ ಮಾತು. 1973ರಿಂದ 1988ರವರೆಗೆ ಒಟ್ಟು 741 ವಾರ ಅಮೆರಿಕದ ಮಾರಾಟಪಟ್ಟಿಯಲ್ಲಿ ಉಳಿದ ಆಲ್ಬಮ್ ಅದು. ಆ ತಂಡದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೇ ಬಂದು ಹಾಡಿ ಹೋದದ್ದನ್ನು ನಮ್ಮಲ್ಲಿ ಕೆಲವರು ಇನ್ನೂ ಹೇಳಿಕೊಳ್ಳುತ್ತಾರೆ. ಓಡಿಹೋಗುವ ಕಾಲ, ಹಣದ ಮೋಹ, ಸಾವು, ಬುದ್ಧಿಭ್ರಮೆ ಅದರ ವಸ್ತು. ಹಳೆಯ ಒಡಂಬಡಿಕೆಯ ಉಪದೇಶಕನ ಗ್ರಂಥವನ್ನು ಓದಿದವರಿಗೆ ಅಪರಿಚಿತವೇನಲ್ಲ. ಎಲ್ಲರೂ ಇದನ್ನೇ ಮೊದಲು ಕೊಳ್ಳಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಾಲ ಕೈಜಾರುತ್ತದೆ ಎಂಬ ಸುದ್ದಿಯನ್ನು ಹದಿನೇಳನೆಯ ವಯಸ್ಸಿನಲ್ಲಿ ಯಾರು ನಂಬುತ್ತಾರೆ? ನಲವತ್ತಕ್ಕೆ ಕೊಳ್ಳಲಿ.

'ಥ್ರಿಲ್ಲರ್' ಬಗ್ಗೆ ಹೇಳುವುದೇನಿಲ್ಲ, ಕುಣಿಯುವವರು ಕುಣಿಯಲಿ. 'ಗ್ರೇಸ್‌ಲ್ಯಾಂಡ್' ಮಾತ್ರ ಮೊದಲ ಸಾಲಿನಲ್ಲೇ ಇರಲಿ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಕ್ಕೆ ಕಲಾವಿದರು ಹೋಗಬಾರದೆಂದು ವಿಶ್ವಸಂಸ್ಥೆ ಕರೆಕೊಟ್ಟಿದ್ದ ಕಾಲದಲ್ಲಿ, 1985ರಲ್ಲಿ ಪಾಲ್ ಸೈಮನ್ ಜೊಹಾನ್ಸ್‌ಬರ್ಗಿಗೆ ಹೋಗಿ ಅಲ್ಲಿನ ಕರಿಯ ಸಂಗೀತಗಾರರೊಡನೆ ಹಾಡು ಧ್ವನಿಮುದ್ರಿಸಿದ. ಬಹಿಷ್ಕಾರವನ್ನು ಮುರಿದ ಎಂದು ಹೋರಾಟಗಾರರು ಖಂಡಿಸಿದರು. ಅತ್ತ ದೇಶಭ್ರಷ್ಟರಾಗಿದ್ದ ಹ್ಯೂ ಮಸಕೆಲ, ಮಿರಿಯಮ್ ಮಕೇಬ ಅವರೇ ಆತನ ಜೊತೆ ವೇದಿಕೆ ಏರಿದರು. ಧರ್ಮಪ್ರಚಾರಕರೂ ಆಗಿದ್ದ ಜೋಸೆಫ್ ಷಬಲಾಲ ಅವರ 'ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ' ವೃಂದದ ಕಂಠ ಲೋಕಕ್ಕೆಲ್ಲ ತಲುಪಿದ್ದು ಈ ರೆಕಾರ್ಡಿನಿಂದ. ನ್ಯಾಯವಾದ ಒಂದು ನಿಯಮವನ್ನು ಮುರಿದು ಒಳ್ಳೆಯದೊಂದು ಬರಬಹುದೇ? ಅದು ಬಂದ ಮೇಲೆ ಮುರಿದದ್ದು ಸರಿಯಾಗುತ್ತದೆಯೇ? ಊಟದ ಮೇಜಿನಲ್ಲಿ ಮಕ್ಕಳ ಜೊತೆ ಒಂದು ಸಂಜೆಯೆಲ್ಲ ಚರ್ಚಿಸಬಹುದಾದ ಪ್ರಶ್ನೆ. ಕಥೆಯನ್ನು ಹೇಳದೆ ರೆಕಾರ್ಡು ಮಾತ್ರ ಕೊಡಿಸಬೇಡಿ.

ಇಷ್ಟೆಲ್ಲ ಏಕೆ, ಯೇಸುವಿನ ಬಗ್ಗೆಯೇ ಹಾಡಿದ ರಾಕ್ ಆಲ್ಬಮ್ ಕೊಂಡರಾಯಿತಲ್ಲ ಎಂದು ಕೆಲವರು ಕೇಳಬಹುದು. ಅಂಥವೂ ಇವೆ, ಡಿಲನ್ನನ 'ಸ್ಲೋ ಟ್ರೇನ್ ಕಮಿಂಗ್' (1979) ಅಂಥದು. ಆದರೆ 1997ರ ಸೆಪ್ಟೆಂಬರಿನಲ್ಲಿ ಬೊಲೊಞಾದ ಪರಮಪ್ರಸಾದ ಸಮ್ಮೇಳನದಲ್ಲಿ ಅದೇ ಡಿಲನ್ ಜಗದ್ಗುರು ಎರಡನೆಯ ಜಾನ್ ಪೌಲರ ಮುಂದೆ ಹಾಡಿದಾಗ, ಪೋಪರು ತಮ್ಮ ಭಾಷಣಕ್ಕೆ ಆರಿಸಿಕೊಂಡದ್ದು ದೇವರ ಹೆಸರೇ ಇಲ್ಲದ, ಗಾಳಿಯಲ್ಲಿ ಉತ್ತರವನ್ನು ಹುಡುಕುವ ಆತನ ಹಳೆಯ ಹಾಡನ್ನು. ಆ ಗಾಳಿ ಪವಿತ್ರಾತ್ಮರ ಉಸಿರು ಎಂದು ಅವರು ಯುವಜನರಿಗೆ ಬಿಡಿಸಿ ಹೇಳಿದರು. ಆ ಕಾರ್ಯಕ್ರಮವೇ ಬೇಡವೆಂದಿದ್ದವರು ಕಾರ್ಡಿನಲ್ ರಾಟ್ಸಿಂಗರ್. ಮುಂದೆ ತಾವೇ ಪೋಪರಾದ ಮೇಲೂ ಅದನ್ನು ಮುಚ್ಚಿಡದೆ 2007ರಲ್ಲಿ ಬರೆದರು. ಇಬ್ಬರು ಪೋಪರಿಗೇ ಒಮ್ಮತವಾಗದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನಿಗೂ ಮಗನಿಗೂ ಭಿನ್ನಾಭಿಪ್ರಾಯ ಬಂದರೆ ಗಾಬರಿಪಡಬೇಕಾಗಿಲ್ಲ.

ನನ್ನನ್ನು ಕೇಳಿದರೆ ಮೊದಲು 'ರಿವಾಲ್ವರ್', ಆಮೇಲೆ 'ಗ್ರೇಸ್‌ಲ್ಯಾಂಡ್'. ಎರಡರ ನಡುವೆ ಮೂರು ತಿಂಗಳಾದರೂ ಅಂತರವಿರಲಿ. ಕೊಂಡು ತಂದ ದಿನ ಮಗನ ಕೋಣೆಯ ಬಾಗಿಲು ತೆರೆದಿರಲಿ, ಹೆತ್ತವರು ಒಳಗೆ ಹೋಗಿ ಎರಡೂ ಬದಿ ಮುಗಿಯುವವರೆಗೆ ಕೂರಲಿ. ರಿವಾಲ್ವರಿಗೆ ಮೂವತ್ತೈದು ನಿಮಿಷ ಸಾಕು. ಜಪಸರದ ಹೊತ್ತಿಗೆ ಎದ್ದು ಬರಬಹುದು.