ಮೊದಲಿನಿಂದಲೇ ನೋಡಬೇಕೇ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯಿತು. ನನ್ನ ತಾಯಿಗೆ ಎಂಬತ್ತಾರು ವರ್ಷ, ಈಗ ಹೆಚ್ಚು ಹೊತ್ತು ಮಂಚದಲ್ಲೇ ಇರುವುದು. ಅಜ್ಜಿಗೆ ಹೊತ್ತು ಹೋಗಲಿ ಎಂದು ಮೊಮ್ಮಗ ಮೊಬೈಲಿನಲ್ಲಿ ಹಳೆಯ 'ರಾಮಾಯಣ' ಧಾರಾವಾಹಿ ತೋರಿಸಲು ಕೂತ.

"ಪಟ್ಟಾಭಿಷೇಕ ಹಾಕು" ಎಂದರು ತಾಯಿ.

"ಅದು ಕಡೆಯದ್ದು ಅಜ್ಜೀ. ಮೊದಲಿಂದ ನೋಡಿ. ಕಡೆಯದ್ದನ್ನೇ ಮೊದಲು ನೋಡಿದರೆ ಎಂತ ರುಚಿ?"

"ನನಗೆ ಗೊತ್ತಿಲ್ಲದ ಕಥೆಯಾ ಅದು? ರಾಮ ಗೆಲ್ತಾನೋ ಇಲ್ಲವೋ ಅಂತ ನಾನು ಕಾದು ಕೂತದ್ದಾ?"

ಅವನು ಒಪ್ಪಲಿಲ್ಲ. ಇವರು ಮುಖ ತಿರುಗಿಸಿದರು. ಮೊಬೈಲು ಮೂಲೆ ಸೇರಿತು.

ಧಾರಾವಾಹಿಯನ್ನು ಕ್ರಮವಾಗಿ ನೋಡಬೇಕೇ ಎಂಬುದು ಮೇಲಿಂದ ನೋಡಿದರೆ ದೊಡ್ಡ ಪ್ರಶ್ನೆ ಅಲ್ಲ. ಎಲ್ಲ ಕಥೆಗೂ ಒಂದೇ ಉತ್ತರವೂ ಇಲ್ಲ. ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಹೆಚ್ಚಿನವು ಬಿಡಿ ಕಥೆಗಳು. ಯಾವುದನ್ನು ಮೊದಲು ನೋಡಿದರೂ ನಷ್ಟವಿಲ್ಲ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'ದಂಥದ್ದು ಹಾಗಲ್ಲ. ಅಲ್ಲಿ ನಾಲ್ಕು ಕಂತು ತಪ್ಪಿದರೆ, ಒಬ್ಬಳು ಯಾಕೆ ಅಳುತ್ತಿದ್ದಾಳೆ, ಇನ್ನೊಬ್ಬ ಯಾಕೆ ಸಿಡುಕುತ್ತಿದ್ದಾನೆ ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ.

ನಮ್ಮ ಕಾಸರಗೋಡಿನಲ್ಲಿ ಎರಡು ಪದ್ಧತಿಯೂ ಉಂಟು. ಕರ್ಕಾಟಕ ತಿಂಗಳಲ್ಲಿ ನೆರೆಮನೆಯ ಮಲಯಾಳಿಗಳು ಎಳುತ್ತಚ್ಛನ್ನರ ರಾಮಾಯಣವನ್ನು ಒಂದನೇ ತಾರೀಕಿನಿಂದ ಹಿಡಿದು ತಿಂಗಳಿಡೀ ಕ್ರಮವಾಗಿ ಓದುತ್ತಾರೆ. ಬಯಲಾಟದಲ್ಲಿ ಹಾಗಿಲ್ಲ. ಇವತ್ತು ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ 'ಪಂಚವಟಿ', ನಾಳೆ 'ಕರ್ಣಪರ್ವ'. ರಾಮನ ಮದುವೆ ತೋರಿಸದೆ ಕಾಡಿಗೆ ಯಾಕೆ ತಂದಿರಿ ಎಂದು ಯಾರೂ ಭಾಗವತರನ್ನು ಕೇಳುವುದಿಲ್ಲ. ಹಿಂದಿನ ಕಥೆಯನ್ನು ಪ್ರೇಕ್ಷಕ ಮನೆಯಿಂದಲೇ ತಂದಿರುತ್ತಾನೆ. ಆದ್ದರಿಂದ ಕಥೆ ಹೊಸತಾದರೆ ಮೊದಲಿನಿಂದ ನೋಡುವುದು ಒಳ್ಳೆಯದು, ಗೊತ್ತಿದ್ದರೆ ಎಲ್ಲಿಂದಲಾದರೂ ಆದೀತು. ಧಾರಾವಾಹಿಯ ಮಟ್ಟಿಗೆ ಇಷ್ಟು ಸಾಕು.

ಕಷ್ಟ ಇರುವುದು ಮನುಷ್ಯರ ವಿಷಯದಲ್ಲಿ. ಒಬ್ಬ ಮನುಷ್ಯನ ಕಥೆಯನ್ನು ನಾವು ಮೊದಲಿನಿಂದ ನೋಡುವುದು ಎಂದಾದರೂ ಉಂಟೇ? ಎಲ್ಲರ ಬದುಕಿನೊಳಗೂ ನಾವು ನಡುವಿನ ಕಂತಿನಲ್ಲಿ ಬಂದು ಕೂರುವವರು.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಏಳನೇ ತರಗತಿಯಲ್ಲಿ ಒಬ್ಬ ಹುಡುಗ ದಿನಾ ತಡವಾಗಿ ಬರುತ್ತಿದ್ದ. ಬಂದವನು ತೂಕಡಿಸುತ್ತಿದ್ದ. ಸೋಮಾರಿ ಎಂದು ತೀರ್ಮಾನಿಸಿ ಅವನನ್ನು ಹೊರಗೆ ನಿಲ್ಲಿಸುತ್ತಿದ್ದೆ. ಒಂದು ತಿಂಗಳು ಕಳೆದ ಮೇಲೆ ಬೇರೆ ಯಾರೋ ಹೇಳಿದರು: ಅಪ್ಪ ಹಾಸಿಗೆ ಹಿಡಿದಿದ್ದಾರೆ, ಹುಡುಗ ಬೆಳಗ್ಗೆ ನಾಲ್ಕಕ್ಕೆ ಎದ್ದು ರಬ್ಬರ್ ಟ್ಯಾಪಿಂಗ್ ಮಾಡಿ, ಹಾಲು ಸಂಗ್ರಹಿಸಿಟ್ಟು ಶಾಲೆಗೆ ಬರುತ್ತಾನೆ. ನಾನು ನೋಡಿದ್ದು ಹತ್ತು ಗಂಟೆಯ ಕಂತು ಮಾತ್ರ. ನಾಲ್ಕು ಗಂಟೆಯದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂಬುದು ತಪ್ಪಲ್ಲ, ಕೇಳಲಿಲ್ಲ ಎಂಬುದು ತಪ್ಪು. ಆ ಹುಡುಗನ ಹತ್ತಿರ ಕ್ಷಮೆ ಕೇಳುವ ಧೈರ್ಯವೂ ಆಗ ನನಗೆ ಇರಲಿಲ್ಲ. ಇಂದಿಗೂ ಅದು ಮನಸ್ಸಿನಲ್ಲಿ ಉಳಿದಿದೆ.

ಹಾಗಾದರೆ ಪೂರ್ತಿ ಕಥೆ ತಿಳಿಯುವ ತನಕ ತೀರ್ಮಾನವೇ ಕೂಡದೇ? ಅದೂ ಆಗದ ಮಾತು. ಶಾಲೆಯ ಗಂಟೆ ಯಾರಿಗೂ ಕಾಯುವುದಿಲ್ಲ. ಅದಲ್ಲದೆ 'ಮೊದಲು' ಎಂಬುದು ಎಲ್ಲಿ? ಅಣ್ಣತಮ್ಮಂದಿರ ಪಾಲಿನ ಜಗಳ ಬಿಡಿಸಲು ಹೋಗಿ ನೋಡಿ. ತಮ್ಮ ಕಥೆ ಶುರುಮಾಡುವುದು ಅಣ್ಣ ತೋಟದ ನೀರು ನಿಲ್ಲಿಸಿದಲ್ಲಿಂದ. ಅಣ್ಣ ಶುರುಮಾಡುವುದು ತಮ್ಮನನ್ನು ಓದಿಸಲಿಕ್ಕೆ ತಾನು ಶಾಲೆ ಬಿಟ್ಟಲ್ಲಿಂದ. ಇಬ್ಬರೂ ಸುಳ್ಳು ಹೇಳುವುದಿಲ್ಲ. ಮಹಾಭಾರತವನ್ನೇ ಪಾಂಡವರು ಅರಗಿನ ಮನೆಯಿಂದಲೋ ಜೂಜಿನಿಂದಲೋ ಶುರುಮಾಡಿಯಾರು. ಕೌರವನಾದರೆ, ಹಿರಿಯನಾದ ತನ್ನ ತಂದೆಗೆ ಕಣ್ಣಿಲ್ಲವೆಂದು ಪಟ್ಟ ತಪ್ಪಿದಲ್ಲಿಂದ ಹಿಡಿದಾನು. ಕಥೆ ಎಲ್ಲಿಂದ ಶುರು ಎಂದು ಹೇಳುವಲ್ಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಧರ್ಮರಾಯನಿಗೂ ಕಥೆ ಕ್ರಮದಲ್ಲಿ ಸಿಗಲಿಲ್ಲ. ಕರ್ಣ ಕುಂತಿಯ ಮಗನೆಂದು ಕೇಳುವ ನಮಗೆ ಮೊದಲೇ ಗೊತ್ತು. ಅವನಿಗೆ ಗೊತ್ತಾದದ್ದು ಯುದ್ಧ ಮುಗಿದು ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ. ಮೊದಲ ಕಂತು ಕೊನೆಗೆ ಬಂತು. ಬರುವಾಗ ಅಣ್ಣ ಇರಲಿಲ್ಲ. ಧರ್ಮ ಬಲ್ಲವನಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ನನಗೆ ಕಾಣುವುದು ಇಷ್ಟು. ಎಲ್ಲವನ್ನೂ ಮೊದಲಿನಿಂದ ನೋಡುವುದು ನಮ್ಮ ಕೈಯಲ್ಲಿಲ್ಲ. ತೀರ್ಮಾನಕ್ಕೆ ಮುಂಚೆ "ಇದರ ಹಿಂದೆ ಎಂತ ಆಗಿತ್ತು?" ಎಂದು ಒಂದು ಮಾತು ಕೇಳುವುದು ಕೈಯಲ್ಲಿದೆ. ತೀರ್ಮಾನ ಮಾಡಿದ ಮೇಲೂ, ಹಳೆಯ ಕಂತೊಂದು ತಡವಾಗಿ ಸಿಕ್ಕಿದರೆ ಅದನ್ನು ತಿದ್ದಲು ನಾಚಬಾರದು. ಈ ಎರಡನೆಯದು ಹೆಚ್ಚು ಕಷ್ಟ. ನನ್ನ ಕೈಯಲ್ಲಿ ಆಗದೆ ಹೋದದ್ದೂ ಅದೇ.

ತಾಯಿಯ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬಿಟ್ಟು ನಾನೇ ಕೇಳಿದೆ, "ಅಮ್ಮಾ, ಪಟ್ಟಾಭಿಷೇಕವೇ ಯಾಕೆ?"

1987ರ ಜನವರಿಯಲ್ಲಿ ಧಾರಾವಾಹಿ ಶುರುವಾದಾಗ ನಮ್ಮ ಊರಲ್ಲಿ ಟಿವಿ ಇದ್ದದ್ದು ಒಂದು ಮನೆಯಲ್ಲಿ. ಭಾನುವಾರ ಹಟ್ಟಿಯ ಕೆಲಸ ಮುಗಿಸಿ, ತೋಡು ದಾಟಿ ಇವರು ಓಡುತ್ತಿದ್ದರು. ಒಟ್ಟು 78 ಕಂತು. ಕಡೆಯದ್ದು ಬಂದದ್ದು 1988ರ ಜುಲೈ 31ಕ್ಕೆ, ಆಟಿಯ ಮಳೆಯಲ್ಲಿ. ಆ ದಿನ ಕರೆಂಟು ಹೋಯಿತು. ಜಗಲಿ ತುಂಬ ಜನ, ಎಲ್ಲರೂ ಕಾದು ಕಾದು ಎದ್ದು ಹೋದರು. ರಾಮ ಅಯೋಧ್ಯೆಗೆ ಬಂದದ್ದನ್ನು ನನ್ನ ತಾಯಿ ನೋಡಲೇ ಇಲ್ಲ.

ಮೊಮ್ಮಗ ಧಾರಾವಾಹಿಯ ಕ್ರಮ ನೋಡಿದ. ಅಜ್ಜಿಯ ಕ್ರಮದಲ್ಲಿ ಪಟ್ಟಾಭಿಷೇಕವೇ ಮುಂದಿನ ಕಂತು ಎಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇದನ್ನು ಕೇಳಿದವನು ಮಾತಾಡದೆ ಮೊಬೈಲು ತಂದು ಕಡೆಯ ಕಂತು ಹಾಕಿದ. ಮುಗಿಯುವ ತನಕ ಇಬ್ಬರೂ ನೋಡಿದರು. ಆಮೇಲೆ ಅವನೇ ಕೇಳಿದ, "ಆಗ ಟಿವಿ ಇದ್ದದ್ದು ಯಾರ ಮನೆಯಲ್ಲಿ ಅಜ್ಜೀ? ಮೊದಲಿಂದ ಹೇಳಿ."