ಭಯಕ್ಕೆ ಯಾರ ಮುಖ?

ಭಯವೂ ಒಂದು ರಸವೆಂದು ಭರತಮುನಿ ಎಂದೋ ಒಪ್ಪಿಕೊಂಡಿದ್ದಾನೆ. ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕಕ್ಕೂ ಜಾಗವಿದೆ. ಆದ್ದರಿಂದ ಹಾರರ್ ಸಿನಿಮಾ ಎಂದೊಡನೆ ಮೂಗು ಮುರಿಯುವವರ ಜೊತೆ ನಾವಿಲ್ಲ. ಪಕ್ಕದಲ್ಲಿ ಜನರಿದ್ದಾರೆ, ಕೊನೆಗೆ ದೀಪ ಹತ್ತುತ್ತದೆ ಎಂಬ ಭರವಸೆ ಇಟ್ಟುಕೊಂಡು ಕತ್ತಲಲ್ಲಿ ಬೆಚ್ಚಿಬೀಳುವುದು ಮನುಷ್ಯನ ಹಳೆಯ ಸುಖಗಳಲ್ಲೊಂದು. ನಮ್ಮ ಅಜ್ಜಿಯರು ಹೇಳುತ್ತಿದ್ದ ಜಿನ್ನ್‌ಗಳ ಕಥೆಯೂ ಇದೇ ಕೆಲಸ ಮಾಡುತ್ತಿತ್ತು. ಆದರೆ ಕಥೆ ಮುಗಿಯುವ ತನಕ ಅಜ್ಜಿ ಮಗ್ಗುಲಲ್ಲೇ ಇರುತ್ತಿದ್ದಳು.

ಇಲ್ಲಿ ನಾವು ಎತ್ತಿಕೊಳ್ಳುತ್ತಿರುವುದು ಸಿನಿಮಾದ ಪ್ರಶ್ನೆಯನ್ನಲ್ಲ, ಅದರ ಟ್ರೇಲರ್‌ನ ಪ್ರಶ್ನೆಯನ್ನು. ಸಿನಿಮಾ ಹೆದರಿಸಿದ ಮೇಲೆ ಏನಾದರೊಂದು ಉತ್ತರ ಕೊಡುತ್ತದೆ. ಟ್ರೇಲರ್ ಹೆದರಿಸಿ ಎದ್ದುಹೋಗುತ್ತದೆ. 1964ರ ‘ವೋ ಕೌನ್ ಥಿ’ ಚಿತ್ರದಲ್ಲಿ ಮಳೆಯ ರಾತ್ರಿ ಬಿಳಿ ಸೀರೆಯುಟ್ಟು ನಿಂತವಳು ಪ್ರೇತವೇನಲ್ಲ, ಆಸ್ತಿಗಾಗಿ ಹೂಡಿದ ಸಂಚಿನ ಪಾಲು ಎಂಬುದು ಕೊನೆಗೆ ತಿಳಿಯುತ್ತದೆ. ಕೊನೆಯವರೆಗೂ ಕುಳಿತವನಿಗೆ ಈ ಸತ್ಯ ಸಿಕ್ಕಿತು. ಬೀದಿಯ ಪೋಸ್ಟರನ್ನಷ್ಟೇ ನೋಡಿದವನಿಗೆ ಸಿಕ್ಕಿದ್ದು ಬಿಳಿ ಸೀರೆಯ ಭಯ ಮಾತ್ರ.

ಎರಡು ನಿಮಿಷದೊಳಗೆ ಹೆದರಿಸಬೇಕಾದರೆ ಹೊಸ ಭಾಷೆ ಕಲಿಸುವಷ್ಟು ಸಮಯವಿರುವುದಿಲ್ಲ. ನೋಡುಗನಿಗೆ ಮೊದಲೇ ಗೊತ್ತಿರುವ ಸಂಕೇತಗಳನ್ನೇ ಬಳಸಬೇಕು. ಕಿರ್ರೆನ್ನುವ ಬಾಗಿಲು, ತಟ್ಟನೆ ನಿಲ್ಲುವ ಸಂಗೀತ, ಎಲ್ಲಿಂದಲೋ ಕೇಳಿಬರುವ ಲಾಲಿಹಾಡು, ಕಪ್ಪು ಪರದೆಯ ಮೇಲೆ ಚಿತ್ರದ ಹೆಸರು, ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಕೊನೆಯದೊಂದು ಚೀರಾಟ. ಇವೆಲ್ಲ ಸವೆದ ನಾಣ್ಯಗಳು, ನಿಜ. ಆದರೆ ಸಂತೆಯಲ್ಲಿ ನಡೆಯುವುದು ಸವೆದ ನಾಣ್ಯವೇ. ರೂಢಿಯನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ.

ರೂಢಿಯನ್ನು ಬಲ್ಲವರೇ ಅದನ್ನು ಮುರಿದದ್ದೂ ಉಂಟು. 1960ರಲ್ಲಿ ‘ಸೈಕೋ’ ಚಿತ್ರಕ್ಕಾಗಿ ಆಲ್‌ಫ್ರೆಡ್ ಹಿಚ್‌ಕಾಕ್ ಆರು ನಿಮಿಷಕ್ಕೂ ಮೀರಿದ ಟ್ರೇಲರ್ ಮಾಡಿದರು. ಅದರಲ್ಲಿ ಚಿತ್ರದ ದೃಶ್ಯಗಳೇ ಇಲ್ಲ. ನಿರ್ದೇಶಕರೇ ಮನೆ ತೋರಿಸುವ ಮಾರ್ಗದರ್ಶಿಯಂತೆ ಮೋಟೆಲಿನ ಕೋಣೆ ಕೋಣೆ ಸುತ್ತುತ್ತಾರೆ, ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಕೊನೆಗೆ ಸ್ನಾನದ ಪರದೆ ಸರಿಸುತ್ತಾರೆ. ಅಲ್ಲಿ ಚೀರುವವಳೂ ಚಿತ್ರದಲ್ಲಿ ಆ ಜಾಗದಲ್ಲಿ ಸಾಯುವ ನಟಿಯಲ್ಲ, ಬೇರೊಬ್ಬಳು. 1980ರ ‘ದಿ ಶೈನಿಂಗ್’ ಚಿತ್ರದ ಟ್ರೇಲರ್‌ನಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ತೋರಿಸಿದ್ದು ಕದಲದ ಒಂದೇ ನೋಟ: ಮುಚ್ಚಿದ ಲಿಫ್ಟ್ ಬಾಗಿಲುಗಳು, ಅವುಗಳ ಸಂದಿನಿಂದ ಪ್ರವಾಹದಂತೆ ನುಗ್ಗುವ ರಕ್ತ. ದೆವ್ವವಿಲ್ಲ, ಕೊಲೆಗಾರನಿಲ್ಲ, ಮುಖವೇ ಇಲ್ಲ. ಈ ಇಬ್ಬರೂ ಭಯವನ್ನು ಸ್ಥಳದಲ್ಲಿಟ್ಟರು, ಯಾವುದೇ ಜನರ ತಲೆಗೆ ಕಟ್ಟಲಿಲ್ಲ.

ಟ್ರೇಲರ್‌ನ ವ್ಯಾಕರಣಕ್ಕೆ ಎಂಥ ಶಕ್ತಿಯಿದೆ ಎಂಬುದನ್ನು ತಮಾಷೆಗೆ ಮಾಡಿದ ಎರಡು ತುಣುಕುಗಳು ಚೆನ್ನಾಗಿ ತೋರಿಸಿಕೊಟ್ಟವು. 2005ರಲ್ಲಿ ರಾಬರ್ಟ್ ರಯಾಂಗ್ ಎಂಬ ಸಂಕಲನಕಾರ ಇದೇ ‘ದಿ ಶೈನಿಂಗ್’ ಚಿತ್ರದ ದೃಶ್ಯಗಳನ್ನು ಬೇರೆ ರೀತಿ ಜೋಡಿಸಿ, ಹಿತವಾದ ಸಂಗೀತ ಹಾಕಿ, ತಂದೆ-ಮಗನ ಅಕ್ಕರೆಯ ಕೌಟುಂಬಿಕ ಚಿತ್ರವೊಂದರ ಟ್ರೇಲರ್ ಮಾಡಿದ. ಮರುವರ್ಷ ಇನ್ನೊಬ್ಬರು ತದ್ವಿರುದ್ಧ ಕೆಲಸ ಮಾಡಿದರು. ಮಕ್ಕಳಿಗಾಗಿ 1964ರಲ್ಲಿ ಬಂದ ‘ಮೇರಿ ಪಾಪಿನ್ಸ್’ ಚಿತ್ರದ ಅಕ್ಕರೆಯ ದಾದಿಯನ್ನು ಭೀಕರ ಮಾಯಾವಿನಿಯನ್ನಾಗಿ ಮಾಡಿದರು. ಆ ಮುಖ ಬದಲಾಗಿರಲಿಲ್ಲ. ಕತ್ತರಿ ಮತ್ತು ಸಂಗೀತ ಸೇರಿ ಅದಕ್ಕೆ ಅಪರಾಧ ಹೊರಿಸಿದ್ದವು.

ಇದನ್ನು ನೋಡಿ ಲೋಕ ನಕ್ಕಿತು. ಯಾಕೆ ನಕ್ಕಿತು? ಮೇರಿ ಪಾಪಿನ್ಸ್ ನಿಜಕ್ಕೂ ಎಂಥವಳೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಗೊತ್ತಿರದಿದ್ದರೆ? ಅವಳನ್ನು ಒಮ್ಮೆಯೂ ಕಾಣದವನು ಆ ತುಣುಕನ್ನಷ್ಟೇ ನೋಡಿದ್ದರೆ? ಅವನು ನಗುತ್ತಿರಲಿಲ್ಲ, ನಂಬುತ್ತಿದ್ದ. ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಭಯದ ರೂಢಿಗಳಲ್ಲಿ ಎರಡು ಬಗೆ. ಕತ್ತಲು, ಮೌನ, ಮುಚ್ಚಿದ ಬಾಗಿಲು ಒಂದು ಬಗೆ. ಇವು ಎಲ್ಲ ಮನುಷ್ಯರಿಗೂ ಸೇರಿದವು, ಬಾಗಿಲಿಗೆ ಮಾನಹಾನಿಯಾಗುವುದಿಲ್ಲ. ಇನ್ನೊಂದು ಬಗೆ, ನಮ್ಮ ನಡುವೆ ಬದುಕಿರುವವರ ಚಹರೆಗಳು: ವಿಧವೆಯ ಬಿಳಿ ಸೀರೆ, ಗೂನುಬೆನ್ನು, ಸುಟ್ಟ ಮುಖ, ಕಾಡಿನವರ ವೇಷ. ರಾಮ್ಸೆ ಸಹೋದರರ 1984ರ ‘ಪುರಾನಾ ಮಂದಿರ್’ ಚಿತ್ರದಲ್ಲಿ ಸಾಮ್ರಿ ಎಂಬ ರಾಕ್ಷಸನಾದ ಅಜಯ್ ಅಗರ್‌ವಾಲ್ ಇಂಜಿನಿಯರಿಂಗ್ ಓದಿದವರು. ಅವರ ಅಸಾಧಾರಣ ಎತ್ತರ ಮತ್ತು ಮುಖಚರ್ಯೆಯೇ ಚಿತ್ರದ ಬಂಡವಾಳವಾಯಿತು. ಮೊದಲ ಬಗೆಯ ರೂಢಿ ಕಸುಬು. ಎರಡನೆಯದು ಬಹಳಷ್ಟು ಸಲ ಅನ್ಯಾಯ. ಸವಾಲು ಹಾಕಬೇಕಾದದ್ದು ಈ ಎರಡನೆಯದಕ್ಕೆ.

ಸವಾಲು ಹಾಕುವುದು ಸಾಧ್ಯವೆಂಬುದಕ್ಕೆ ಕರ್ನಾಟಕದ ನಂಟಿರುವ ಉದಾಹರಣೆಯೇ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರು ಈಗಲೂ ಇದ್ದಾರೆ. ರಾತ್ರಿ ಬಾಗಿಲು ಬಡಿಯುವ ಪ್ರೇತಕ್ಕೆ ಹೇಳಿದ ಉಪಾಯದ ಮಾತದು. ಆ ವದಂತಿಯಿಂದಲೇ 2018ರ ‘ಸ್ತ್ರೀ’ ಚಿತ್ರ ಹುಟ್ಟಿತು. ಅಲ್ಲಿ ಪ್ರೇತ ಹೆಣ್ಣೇ, ಆದರೆ ರಾತ್ರಿ ಒಂಟಿಯಾಗಿ ಹೊರಗೆ ಹೋಗಬಾರದೆಂಬ ಎಚ್ಚರಿಕೆ ಗಂಡಸರಿಗೆ. ನಕ್ಕು ಮುಗಿದ ಮೇಲೆ ಒಂದು ಯೋಚನೆ ಉಳಿಯುತ್ತದೆ: ಹೆಣ್ಣುಮಕ್ಕಳು ದಿನವೂ ಬದುಕುವುದು ಈ ಎಚ್ಚರಿಕೆಯಲ್ಲೇ ಅಲ್ಲವೇ? ಇರಾನೀ ಮೂಲದ ಆನಾ ಲಿಲಿ ಅಮೀರ್‌ಪೂರ್ ಅಮೆರಿಕದಲ್ಲಿ ಪಾರಸಿ ಭಾಷೆಯಲ್ಲೇ ಮಾಡಿದ 2014ರ ಚಿತ್ರದ ಹೆಸರು ‘ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್’. ರಾತ್ರಿ ಒಂಟಿ ಹುಡುಗಿ ಎಂದರೆ ಅವಳೇ ಬಲಿ ಎಂಬ ರೂಢಿಯನ್ನು ಈ ಹೆಸರು ಬೇಕೆಂದೇ ಕೆಣಕುತ್ತದೆ. ಚಾದರ ಹೊದ್ದ ಆ ಹುಡುಗಿಯೇ ರಕ್ತ ಹೀರುವವಳು. ಹೆಂಗಸರನ್ನು ಹಿಂಸಿಸುವ ಗಂಡಸರು ಅವಳಿಗೆ ಹೆದರಬೇಕು. ಚಾದರವನ್ನು ಪ್ರೇತದ ಮೈಮೇಲೆ ಕಂಡು ನಮ್ಮಲ್ಲಿ ಕೆಲವರಿಗೆ ಇರುಸುಮುರುಸಾದೀತು. ಆದರೆ ಅದೇ ಚಾದರದೊಳಗೆ ಆಕೆಗೊಂದು ಒಂಟಿತನವಿದೆ, ಪ್ರೀತಿಯಿದೆ, ನ್ಯಾಯಪ್ರಜ್ಞೆಯಿದೆ. ನಿರ್ದೇಶಕಿ ಬಟ್ಟೆಗೆ ಹೆದರಿಸಿ ಸುಮ್ಮನಾಗಲಿಲ್ಲ, ಬಟ್ಟೆಯೊಳಗಿನ ವ್ಯಕ್ತಿಯ ಪರಿಚಯ ಮಾಡಿಸಿದರು.

ಉರ್ದುವಿನಲ್ಲಿ ಭಯಕ್ಕೆ ಖೌಫ್ ಎನ್ನುತ್ತಾರೆ, ದಹಶತ್ ಎಂದೂ ಎನ್ನುತ್ತಾರೆ. 1981ರಲ್ಲಿ ರಾಮ್ಸೆಗಳು ಒಂದು ಹಾರರ್ ಚಿತ್ರಕ್ಕೆ ‘ದಹಶತ್’ ಎಂದೇ ಹೆಸರಿಟ್ಟರು. ಅದೇ ಪದಕ್ಕೆ ಬಾಲ ಸೇರಿ ದಹಶತ್‌ಗರ್ದ್ ಆದರೆ ಭಯೋತ್ಪಾದಕ. ಮನರಂಜನೆಯ ಭಯಕ್ಕೂ ರಾಜಕೀಯದ ಭಯಕ್ಕೂ ಒಂದೇ ಪದ. ಈಗ ಎರಡಕ್ಕೂ ಒಂದೇ ಟ್ರೇಲರ್ ಆಗಿದೆ. 2022ರ ನವೆಂಬರ್‌ನಲ್ಲಿ ‘ದಿ ಕೇರಳ ಸ್ಟೋರಿ’ಯ ಟೀಸರ್ ಬಂತು. ಅದು ತನ್ನನ್ನು ಹಾರರ್ ಎಂದು ಕರೆದುಕೊಳ್ಳಲಿಲ್ಲ, ಆದರೆ ಬಳಸಿದ್ದು ಹಾರರ್‌ನ ವ್ಯಾಕರಣವನ್ನೇ: ಬುರ್ಖಾ ತೊಟ್ಟ ಒಂಟಿ ಹೆಣ್ಣು, ಅವಳ ನೋವಿನ ದನಿ, ತನ್ನಂಥವರು 32,000 ಮಂದಿ ಎಂಬ ಲೆಕ್ಕ. 2023ರಲ್ಲಿ ಬಿಡುಗಡೆಯ ಹೊತ್ತಿಗೆ ಟ್ರೇಲರ್‌ನ ವಿವರಣೆಯಲ್ಲಿ ಆ ಸಂಖ್ಯೆ 3ಕ್ಕೆ ಇಳಿಯಿತು. ಟೀಸರನ್ನು ತೆಗೆದುಹಾಕುವುದಾಗಿ ನಿರ್ಮಾಪಕರು ಕೇರಳ ಹೈಕೋರ್ಟಿಗೆ ತಿಳಿಸಿದರು. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ, 32,000ಕ್ಕೆ ಅಧಿಕೃತ ಆಧಾರವಿಲ್ಲವೆಂಬ ಸೂಚನೆಯನ್ನು ಚಿತ್ರದಲ್ಲಿ ಹಾಕಲು ಒಪ್ಪಿಕೊಂಡರು.

ಮೂವರು ಹೆಣ್ಣುಮಕ್ಕಳ ನೋವೂ ನೋವೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 3ಕ್ಕೂ 32,000ಕ್ಕೂ ನಡುವೆ ಉಳಿದ 31,997 ಭಯಗಳು ಎಲ್ಲಿಗೆ ಹೋದವು? ಸೂಚನೆ ಸೇರಿದ್ದು ಸಿನಿಮಾಕ್ಕೆ. ಟೀಸರ್ ನೋಡಿದವರೆಲ್ಲ ಸಿನಿಮಾ ನೋಡಿರಬೇಕಿಲ್ಲ. ಮುಸ್ಲಿಮ್ ನೆರೆಯವರ ಮನೆಯ ಚಹಾ ಕುಡಿದವನು ಅದನ್ನು ತೂಗಿ ನೋಡಿಯಾನು. ಒಬ್ಬ ಮುಸ್ಲಿಮನನ್ನೂ ಹತ್ತಿರದಿಂದ ಕಾಣದವನಿಗೆ ಮೇರಿ ಪಾಪಿನ್ಸ್ ಭೀಕರಳಾಗಿಯೇ ಉಳಿದಳು.

ಹಾಗಾದರೆ ನಿಷೇಧಿಸೋಣವೇ? 2024ರ ಜೂನ್‌ನಲ್ಲಿ ‘ಹಮಾರೆ ಬಾರಹ್’ ಚಿತ್ರದ ಟ್ರೇಲರ್ ನೋಡಿದ ಕರ್ನಾಟಕ ಸರ್ಕಾರ ಅದರ ಬಿಡುಗಡೆಯನ್ನು ಎರಡು ವಾರ ತಡೆಯಿತು. ಅದೇ ತಿಂಗಳು ಕೆಲವು ಬದಲಾವಣೆಗಳೊಂದಿಗೆ ಬಾಂಬೆ ಹೈಕೋರ್ಟ್ ಚಿತ್ರಕ್ಕೆ ದಾರಿ ಬಿಟ್ಟಿತು. ನಿಷೇಧದಲ್ಲಿ ನಮಗೆ ಹೆಚ್ಚಿನ ಭರವಸೆಯಿಲ್ಲ. ಮುಚ್ಚಿದ ಬಾಗಿಲು ಇನ್ನಷ್ಟು ಹೆದರಿಸುತ್ತದೆ ಎಂಬುದನ್ನು ಹಾರರ್ ಸಿನಿಮಾವೇ ಕಲಿಸಿದೆ. ನಮ್ಮ ಮಾತು ಕಾನೂನಿನದ್ದಲ್ಲ, ಕತ್ತರಿ ಹಿಡಿದವನ ಆತ್ಮಸಾಕ್ಷಿಯದ್ದು. ಆ ಕತ್ತರಿ ನಮ್ಮವರ ಕೈಯಲ್ಲೂ ಇದೆ. ಒಂದು ಗಂಟೆಯ ಪ್ರವಚನದಿಂದ ಸಮಾಧಿಯ ಶಿಕ್ಷೆಯ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ, ಅದಕ್ಕೆ ಹಾವಿನ ಬುಸುಗುಟ್ಟುವಿಕೆ ಸೇರಿಸಿ ಮಕ್ಕಳ ಮೊಬೈಲಿಗೆ ಕಳಿಸುವವರು ಮಾಡುವುದೂ ಟ್ರೇಲರನ್ನೇ. ಅಲ್ಲಾಹನ ಕರುಣೆಯ ಉಳಿದ ಭಾಗ ಆ ಮಗುವನ್ನು ತಲುಪುವುದೇ ಇಲ್ಲ.

ಕುರ್‌ಆನಿನ ಪುಟ್ಟ ಅಧ್ಯಾಯ ಸೂರಃ ಕುರೈಶ್ ಹಸಿವಿಗೆ ಅನ್ನವನ್ನೂ ಭಯದಿಂದ ಅಭಯವನ್ನೂ ಒಟ್ಟಿಗೇ ಇಟ್ಟು, ಇವೆರಡೂ ದೇವನ ಅನುಗ್ರಹವೆಂದು ನೆನಪಿಸುತ್ತದೆ. ಒಬ್ಬನ ಅನ್ನ ಕಸಿಯುವುದು ಪಾಪವಾದರೆ ಅಭಯ ಕಸಿಯುವುದೂ ಸಣ್ಣದಲ್ಲ. ಪ್ರಯಾಣದ ನಡುವೆ ನಿದ್ದೆಹೋದ ಸಂಗಾತಿಯ ಬಳಿಯಿದ್ದ ಹಗ್ಗವನ್ನು ಯಾರೋ ತೆಗೆದುಕೊಂಡು ಅವನು ಬೆಚ್ಚಿಬಿದ್ದಾಗ, ಹಾಗೆ ಹೆದರಿಸುವುದು ಸಲ್ಲದೆಂದು ಪ್ರವಾದಿ(ಸ) ಹೇಳಿದ್ದು ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ಹಗ್ಗದಷ್ಟು ಸಣ್ಣ ವಿಷಯಕ್ಕೇ ಇಷ್ಟು ಎಚ್ಚರ ಹೇಳಿದ ಪರಂಪರೆ ನಮ್ಮದು.

ಟಿಕೆಟ್ ಕೊಂಡು ಹೆದರಲು ಬಂದವನನ್ನು ಹೆದರಿಸುವುದು ಆಟ, ಅದು ಇಬ್ಬರಿಗೂ ಒಪ್ಪಿತ. ಆದರೆ ಟ್ರೇಲರ್ ಕತ್ತರಿಸುವವನು ಪರದೆಯ ಮೇಲಿನ ಮುಖವನ್ನೊಮ್ಮೆ ನೋಡಿ ತನ್ನನ್ನೇ ಕೇಳಿಕೊಳ್ಳಲಿ: ಇದೇ ಚಹರೆಯ, ಇದೇ ಉಡುಪಿನ ಒಬ್ಬಾಕೆ ನಾಳೆ ಬಸ್ಸಿನಲ್ಲಿ ಬಂದು ಪಕ್ಕದ ಸೀಟಿನಲ್ಲಿ ಕುಳಿತರೆ, ನನ್ನ ಟ್ರೇಲರ್ ನೋಡಿದವನು ಸರಿದು ಜಾಗ ಕೊಡುತ್ತಾನೆಯೇ, ಎದ್ದು ಹೋಗುತ್ತಾನೆಯೇ?