ಧಿಗ್ದಂಡವೂ ಸಂಸ್ಥೆಯ ಹೆಸರೂ

ಇದಿರಿನವರನ್ನು ನಿಂದಿಸಲಾಗದೆಂಬುದು ಬಸವಣ್ಣನವರು ಬೋಧಿಸಿದ ಶೀಲಗಳಲ್ಲೊಂದು. ಹೀಗಿರುವಲ್ಲಿ, ತಪ್ಪೆಸಗಿ ದಂಡನೆಗೊಳಗಾದ ಕಂಪೆನಿಯ ಹೆಸರನ್ನು ಊರೆಲ್ಲ ಅರಿಯುವಂತೆ ಸಾರುವುದು ಶರಣಮಾರ್ಗಕ್ಕೆ ಸಮ್ಮತವೇ ಎಂದು ಕೇಳುವ ಭಕ್ತರುಂಟು. ಪ್ರಶ್ನೆಯು ಹಗುರವಾದುದಲ್ಲ; ನಮ್ಮ ಸೀಮೆಯವರಿಗಂತೂ ದೂರದ್ದೂ ಅಲ್ಲ.

ಬಳ್ಳಾರಿಯ ಗಣಿಗಾರಿಕೆಯನ್ನು 2011ರ ಜುಲೈ 29ರಂದು ತಡೆದ ಸುಪ್ರೀಂ ಕೋರ್ಟು, ಆಗಸ್ಟ್ 26ರಂದು ಆ ತಡೆಯನ್ನು ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಭೀಮಸಮುದ್ರದ ಕಡೆ ಅಡಕೆಯ ತೋಟಗಳ ಮೇಲೆ ಕೂತ ಕೆಂಧೂಳನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಬಳಿಕ ಗಣಿ ಗುತ್ತಿಗೆಗಳನ್ನು ಅಳೆದು ಮೂರು ವರ್ಗ ಮಾಡಲಾಯಿತು. ದೋಷವಿಲ್ಲದವು ಅಥವಾ ಅಲ್ಪದೋಷದವು ‘ಎ’. ಗಡಿಯಾಚೆ ತೋಡಿದ ಗುಂಡಿಯು ಗುತ್ತಿಗೆಯ ನೆಲದ ನೂರಕ್ಕೆ 10ರೊಳಗಿದ್ದರೆ ‘ಬಿ’. ಅದನ್ನೂ ಮೀರಿದ್ದರೆ ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಿಂದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ‘ಬಿ’ ವರ್ಗದವರು ಅಕ್ರಮ ಗುಂಡಿಯ ಹೆಕ್ಟೇರಿಗೆ 5 ಕೋಟಿ ರೂಪಾಯಿಯ ಲೆಕ್ಕದಲ್ಲಿ ಪರಿಹಾರ ತೆರಬೇಕಾಯಿತು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದರು. ಅಲ್ಲಿ ಡಂಗುರವಿರಲಿಲ್ಲ. ಏಕೆ? ಮಾರಯ್ಯನವರಿಗೆ ನಾಚುವ ಮನಸ್ಸಿತ್ತು. ಮನೆಯೊಳಗಿನ ಒಂದು ಮಾತೇ ಸಾಕಾಯಿತು. ಕಂಪೆನಿಗೆ ಅಂಥ ಮನಸ್ಸೆಲ್ಲಿಯದು? ಅದರ ಕೊರಳಿಗೆ ಇಷ್ಟಲಿಂಗವಿಲ್ಲ, ಮನೆಯಲ್ಲಿ ಲಕ್ಕಮ್ಮನೂ ಇಲ್ಲ. ನಾಮರೂಪಗಳೆರಡರಲ್ಲಿ ಅದಕ್ಕಿರುವುದು ನಾಮವೊಂದೇ. ಸಾಲ, ಗಿರಾಕಿ, ಗೌರವ ಎಲ್ಲವೂ ಆ ನಾಮಕ್ಕೇ ಅಂಟಿಕೊಂಡಿವೆ.

ಪ್ರಾಚೀನ ಧರ್ಮಶಾಸ್ತ್ರಕಾರರು ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡವೆಂದು ಕ್ರಮವಾಗಿ ನಾಲ್ಕನ್ನು ಹೇಳಿದರು. ಆ ಶಾಸ್ತ್ರಗಳ ಎಲ್ಲ ಮಾತನ್ನೂ ನಾವು ಒಪ್ಪುವವರಲ್ಲವಾದರೂ ಈ ವಿಭಾಗವು ಉಪಯುಕ್ತವಾದುದು. ಧನದಂಡವನ್ನು ಸಿರಿವಂತ ಸಂಸ್ಥೆಯು ವ್ಯಾಪಾರದ ಖರ್ಚೆಂದು ಲೆಕ್ಕಕ್ಕೆ ಬರೆದುಕೊಳ್ಳಬಲ್ಲುದು. ಧಿಗ್ದಂಡವನ್ನು ಹಾಗೆ ಬರೆದುಕೊಳ್ಳಲಾಗದು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯನ್ನು ರಚಿಸಿದವರು ಇದನ್ನು ಬಲ್ಲವರಾಗಿದ್ದರು. ಅಂಥದೇ ತಪ್ಪನ್ನು ಮತ್ತೆ ಮಾಡಿದವನ ಹೆಸರು, ವಾಸಸ್ಥಳ, ಅಪರಾಧ, ಶಿಕ್ಷೆಗಳನ್ನು ಅವನ ಖರ್ಚಿನಲ್ಲಿಯೇ ಪತ್ರಿಕೆಗಳಲ್ಲಿ ಅಚ್ಚು ಹಾಕಿಸುವ ಅಧಿಕಾರವನ್ನು ಆ ಕಾಯಿದೆ ನ್ಯಾಯಾಲಯಕ್ಕೆ ಕೊಟ್ಟಿತ್ತು.

ಇದು ನಿಂದೆಯೇ? ನನ್ನ ಮಟ್ಟಿಗೆ ಅಲ್ಲ. ನಿಂದಕನು ತನ್ನ ನಾಲಗೆಯ ಚಪಲಕ್ಕಾಗಿ ಇನ್ನೊಬ್ಬನನ್ನು ಕೀಳುಗಳೆಯುತ್ತಾನೆ. ಇಲ್ಲಿ ಹೇಳುವುದು ವಿಚಾರಣೆಯಾಗಿ ಸಿದ್ಧಪಟ್ಟ ಕಾರ್ಯವನ್ನು, ಅದರ ಅಳತೆಯೊಡನೆ. ಅದಲ್ಲದೆ, ಹೆಸರನ್ನು ಮರೆಸಿದರೆ ನಿಂದೆಯು ತಪ್ಪುವುದೂ ಇಲ್ಲ. ಗಣಿಯವರೆಲ್ಲ ಕಳ್ಳರೆಂಬ ಮಾತು ಸಂತೆಯಲ್ಲಿ ಹರಡಿ, ಗಡಿಯೊಳಗೆ ಅಗೆದ ‘ಎ’ ವರ್ಗದವನೂ ತಲೆ ತಗ್ಗಿಸಬೇಕಾಗುತ್ತದೆ. ತಪ್ಪಿತಸ್ಥನ ಹೆಸರನ್ನು ಹೇಳದ ಸೌಜನ್ಯಕ್ಕೆ ಬೆಲೆ ತೆರುವವನು ನಿರ್ದೋಷಿ.

ಆದರೂ ಆಕ್ಷೇಪಗಳಲ್ಲೊಂದು ನಿಜವಾಗಿಯೂ ಕಠಿಣವಾದುದು. ಹೆಸರು ಕೆಟ್ಟಾಗ ಲಾರಿ ನಡೆಸುವವನು, ಕೂಲಿಯವನು, ಗುಮಾಸ್ತ, ಇವರೆಲ್ಲರ ಮೇಲೂ ಮಸಿ ಬೀಳುತ್ತದೆ. ಗಡಿ ಮೀರಿ ಅಗೆಯಿರೆಂದು ಆಜ್ಞಾಪಿಸಿದವನಾದರೋ ಬೇರೊಂದು ಹೆಸರಿನ ಕಂಪೆನಿ ತೆರೆದು ಕುಳಿತಾನು. 1961ರ ಆದಾಯ ತೆರಿಗೆ ಕಾಯಿದೆಯ 287ನೆಯ ಪ್ರಕರಣದಲ್ಲಿ ಇದಕ್ಕೆ ಅರ್ಧ ಉತ್ತರವಿತ್ತು. ಸಂದರ್ಭ ತಕ್ಕುದಾದರೆ ಕಂಪೆನಿಯ ಹೆಸರಿನೊಡನೆ ನಿರ್ದೇಶಕರ ಹೆಸರುಗಳನ್ನೂ ಪ್ರಕಟಿಸಬಹುದು. ದಂಡದ ವಿಷಯವನ್ನು ಮಾತ್ರ ಅಪೀಲಿನ ಅವಧಿ ಮುಗಿಯುವವರೆಗೆ, ಅಪೀಲು ಹೂಡಿದ್ದರೆ ಅದು ಇತ್ಯರ್ಥವಾಗುವವರೆಗೆ ಪ್ರಕಟಿಸಲಾಗದು. ಈ ಎರಡೂ ನ್ಯಾಯವೇ. ನಾನಾದರೆ ಮೂರನೆಯದೊಂದನ್ನು ಸೇರಿಸುವೆನು: ದಂಡ ತೆತ್ತು, ಕೆಡಿಸಿದ ನೆಲವನ್ನು ಸರಿಪಡಿಸಿದವನ ವಿಷಯವನ್ನೂ ಅಷ್ಟೇ ದಪ್ಪ ಅಕ್ಷರಗಳಲ್ಲಿ, ಅದೇ ಸ್ಥಳದಲ್ಲಿ ಅಚ್ಚು ಹಾಕಬೇಕು.

ಸ್ಥಳವೆಂದಾಗ ಒಂದು ಮಾತು. ಗಣಿಗಳ ವರ್ಗೀಕರಣದ ವರದಿಗಳು ಇಂಗ್ಲಿಷಿನಲ್ಲಿದ್ದು, ದೆಹಲಿಯ ನ್ಯಾಯಾಲಯದ ಮುಂದೆ ಬಂದವು. ಧೂಳು ಬಿದ್ದುದು ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಹಳ್ಳಿಗಳ ಮೇಲೆ. ಅಂಥ ಪಟ್ಟಿಯನ್ನು ಮೊದಲು ಅಂಟಿಸಬೇಕಾದುದು ಆ ಹಳ್ಳಿಗಳ ಪಂಚಾಯಿತಿಯ ಗೋಡೆಗೆ, ಕನ್ನಡದಲ್ಲಿ.